ಭಾರದ ಚೌಕ

ಮಗ್ಗ ನಿಂತ ದಿನ ಕಾರಖಾನಿಗೆ ಕಿವಿ ಬರತದ.
ಸೊಲ್ಲಾಪುರ, ಅಕ್ಕಲಕೋಟ ರೋಡು, ನಮ್ಮ ಶೆಡ್ಡು:
ಹನ್ನೆರಡು ಮಗ್ಗ, ಅರ್ಧಕ್ಕ ನಿಂತ ಚಾದರು,
ಚಾದರಿನ್ಯಾಗ ಇನ್ನೂ ಬಾಲ ಬರದ ನವಿಲು.
ಟಾವೆಲ್ ಮಡಚೂ ಮೇಜಿನ ಮ್ಯಾಲ
ನಾ ಎರಡು ಪುಸ್ತಕ ಇಟ್ಟೀನಿ.

ಒಂದು ದಪ್ಪ. ಪುಣೆದಾಗ ಹಳೇ ಪುಸ್ತಕದಂಗಡ್ಯಾಗ
ಸಾವಿರದ ನೂರಕ್ಕ ತಂದದ್ದು,
ಮನ್ಯಾಗ ಇನ್ನೂರು ಅಂತ ಹೇಳಿದ್ದು.
ಮೂರು ವರ್ಷ ಒಬ್ಬನೇ ಓದೀನಿ.
ಯಾವ ಕತ್ತಿಗೆ ಎಷ್ಟು ಪೆಟ್ಟು, ಯಾವ ಮಂತ್ರಕ್ಕ ಎಷ್ಟು ಉಸಿರು
ಎಲ್ಲಾ ಬಾಯಿಪಾಠ. ಆಡಲಿಕ್ಕ ಮಂದಿ ಇರಲಿಲ್ಲ ಅಷ್ಟೇ.
ಇನ್ನೊಂದು ತೆಳ್ಳಗ, ಲಗ್ನಪತ್ರಿಕಿ ಹಂಗ,
ಝೆರಾಕ್ಸ್ ತಗಸಿ ಪಿನ್ನು ಹೊಡಸಿದ್ದು.
ಅದಕ್ಕ ಬೇಕಾಗೂದು ಒಂದು ದಾಳ.

ಬಂದವರು ಮೂರು ಮಂದಿ, ಮೂವರೂ ಹೊಸಬರು.
ಜಾಬರ್ ನರ್ಸಯ್ಯ ಗುಂಡ್ಲಾ, ಮನಿಮಾತು ತೆಲುಗು;
ಅವನ ಅತ್ತಿಗಿ ಅಂಬುಬಾಯಿ, ದಿನಕ್ಕ ಸಾವಿರ ಬೀಡಿ ಕಟ್ಟಾಕಿ;
ಗಾದಿ ಹೊಲಿಯೂ ಮೈನುದ್ದೀನ್ ನದಾಫ,
ಅರ್ಧ ಕನ್ನಡ, ಅರ್ಧ ದಖನಿ, ಸಿಟ್ಟು ಬಂದ್ರ ಪೂರಾ ಮರಾಠಿ.

ಪಗಡಿ ಏನ ಇದು? ಅಲ್ಲ.
ನಾಟಕ? ಹಂಗೇ, ಆದರ ಮಾತು ಯಾರೂ ಬರದಿಟ್ಟಿಲ್ಲ.
ಮತ್ತ ಗೆಲ್ಲಾವರು ಯಾರು?
ನಾ ಎರಡೂ ಪುಸ್ತಕದ ಕಡೆ ನೋಡಿದೆ.

ಆಸೆ ತಡೀಲಿಲ್ಲ, ದಪ್ಪಂದೇ ತೆರದೆ.
ಆಳಿಗೊಂದು ಹಾಳಿ ಕೊಟ್ಟೆ, ಹಾಳಿ ತುಂಬ ಚೌಕ,
ರೇಶನ್ ಕಾರ್ಡಿನ ಅರ್ಜಿಗಿಂತ ಒಂದು ಕೈ ಮ್ಯಾಲ.
"ಆಧಾರ್ ಜೋಡಸಬೇಕೇನು?" ಅಂದ ಮೈನುದ್ದೀನ್.
ನರ್ಸಯ್ಯ ಪೆನ್ಸಿಲು ಕಿವಿಗೆ ಸಿಗಿಸಿ
ನಿಂತ ಮಗ್ಗದ ಕಡೆ ನೋಡಿದ, ಅದರ ರಿಪೇರಿನೇ ಸಸಾರ ಅನ್ನೂವಂಗ.
ನಲವತ್ತು ನಿಮಿಷ ಹೋತು. ಯಾರಿಗೂ ಇನ್ನೂ ಹೆಸರಿಲ್ಲ.

ಅಂಬುಬಾಯಿ ಒಂದು ಚೌಕದ ಮ್ಯಾಲ ಬೆರಳಿಟ್ಟಳು.
ಇದು ನೀ ಹೊರೂ ಭಾರದ ಲೆಕ್ಕ, ಅಂದೆ,
ಹಗ್ಗದ ತೂಕ, ನೀರಿನ ತೂಕ, ಬುತ್ತಿ ತೂಕ ಕೂಡಸಬೇಕು,
ಹೆಚ್ಚಾತಂದ್ರ ನಡಿಗಿ ಕಡಿಮಿ.
ಅಕಿ ನಗಲಿಲ್ಲ.
"ಎಲಿ ತೂಗಿ ಕೊಡತಾರ, ತಂಬಾಕ ತೂಗಿ ಕೊಡತಾರ,
ಸಂಜಿಕ ಎಣಿಸಿ, ಇಷ್ಟು ಕೆಟ್ಟಾವು ಅಂತ ತಗದು ಒಗೀತಾರ.
ಒಂದು ದಿನ ಬ್ಯಾರೆ ಯಾರರೇ ಆಗು ಬಾ ಅಂತ ಕರದು
ಅಲ್ಲೂ ತಕ್ಕಡಿ ಹಿಡದು ನಿಂತೀಯಲ್ಲೋ, ರೇವಣ."

ಮುಚ್ಚಿದೆ.
ದಪ್ಪನ್ನ ಪುಸ್ತಕ ಮುಚ್ಚಿದ ಸಪ್ಪಳ ನನಗಷ್ಟೇ ಕೇಳಿಸ್ತು.

ತೆಳ್ಳಂದು ಕೇಳೂದು ಭಾಳಿಲ್ಲ:
ನಿನ್ನ ಹೆಸರೇನು, ನಿನಗ ಏನು ಚಲೋ ಬರತದ,
ಯಾವುದಕ್ಕ ಅಂಜತಿ.
ನರ್ಸಯ್ಯ ಕೀಲಿ ತಗಿಯಾಂವ ಆದ, ಕತ್ತಲಿಗೆ ಅಂಜಾಂವ.
ಅಂದು, ಯಾಕೋ ಟ್ಯೂಬ್‌ಲೈಟಿನ ಕಡೆ ನೋಡಿದ.
ಮೈನುದ್ದೀನ್ ರಾಜ್ಯ ಇಲ್ಲದ ದೊರಿ.
"ಅಂಜೂದು ಬರೀಬ್ಯಾಡ, ಆಮ್ಯಾಲ ಹೇಳತೀನಿ.
ಮೊದಲನೇ ರಾತ್ರೀನೇ ಸಾಯಸಬ್ಯಾಡ ಮತ್ತ,
ನಾಳೆ ಹದಿನೆಂಟು ಗಾದಿ ಹೊಲೀಬೇಕು."
ಅಂಬುಬಾಯಿ ತಡ ಮಾಡಿದಳು.
ಬೆರಳು ತಾವೇ ಸುತ್ತಲಿಕ್ಕತ್ತಿದ್ವು, ಎಲಿ ಇಲ್ಲದ ಬೀಡಿ.
"ನನಗ ಹಕ್ಕಿ ಭಾಷಾ ಬರತದ. ಹೆಸರು ಸದ್ಯಕ್ಕ ಬ್ಯಾಡ."

ರಾಕ್ಷಸನ್ನ ಯಾವ ಭಾಷೆಯಾಗ ಮಾತಾಡಸಲಿ?
ಕಚೇರಿ ಮರಾಠಿ! ಅಂದ್ರು ಮೂವರೂ.
ಮುಂದಿನ ವಾರ ಕನ್ನಡ, ಆಮ್ಯಾಲ ತೆಲುಗು,
ರಾಕ್ಷಸಗೂ ಪಾಳಿ ಹಚ್ಚೂಣು.
ನಕ್ಕು ನಕ್ಕು ಚಹಾ ತಂದ್ರು,
ಕಪ್ಪು ದಪ್ಪನ್ನ ಪುಸ್ತಕದ ಮ್ಯಾಲೇ ಇಟ್ರು.
ನಾ ಏನೂ ಅನ್ನಲಿಲ್ಲ.

ಈಗ ಬಾಗಿಲ ಮುಂದ ನಿಂತೀವಿ.
ಬಾಗಿಲಂದ್ರ ಎರಡು ಖಾಲಿ ಬಾಬಿನ್.
ನರ್ಸಯ್ಯ ದಾಳ ಒಗದ. ಅದು ಪುಟದು, ಮೇಜು ಇಳದು,
ಏಳನೇ ಮಗ್ಗದ ಕೆಳಗ ಹೋತು,
ಎಣ್ಣಿ, ಹತ್ತಿ ಧೂಳು, ಇಲಿ ಇರೂ ಜಾಗಕ್ಕ.
ಮೈನುದ್ದೀನ್ ಮೊಬೈಲ್ ಬ್ಯಾಟರಿ ಹಚ್ಚಿ ನೆಲಕ್ಕ ಗಲ್ಲ ಹಚ್ಚಿದ:
ಕಂಡ್ತು, ಕಂಡ್ತು...
"ತಡಿ, ಓದಬ್ಯಾಡ," ಅಂದಳು ಅಂಬುಬಾಯಿ,
"ಒಳಗೊಂದು ಹಕ್ಕಿ ಅದ. ಏನೋ ಅನ್ಲಿಕ್ಕತ್ತದ.
ಮೊದಲ ಅದನ್ನ ಕೇಳೂಣು."